ಗ್ಯಾಸ್ಟ್ರಿಕ್ ಮಾತ್ರೆಗೂ ಒಂದು ಟೈಮಿಂಗ್ ಇದೆ

ಕಳೆದ ಸೆಮಿಸ್ಟರಿನ ಎರಡನೇ ಇಂಟರ್ನಲ್ಸ್ ಸಮಯ. ನಮ್ಮ ಹಾಸ್ಟೆಲಿನ ಗೆಳೆಯನೊಬ್ಬ ವಾಲಿಬಾಲ್ ಆಡುವಾಗ ಕಾಲು ಉಳುಕಿಸಿಕೊಂಡಿದ್ದ. ಮೆಡಿಕಲ್‌ನಿಂದ ನೋವಿನ ಮಾತ್ರೆ ತಂದು ದಿನಕ್ಕೆ ಎರಡು, ಕೆಲವು ದಿನ ಮೂರು, ಹೀಗೆ ಹತ್ತು ಹನ್ನೆರಡು ದಿನ ನುಂಗಿದ. ಬೆಳಗಿನ ತಿಂಡಿ ತಪ್ಪಿಸೋದು ನಮ್ಮೆಲ್ಲರ ಹಾಗೆ ಅವನಿಗೂ ರೂಢಿ. ಹೊಟ್ಟೆ ಉರಿ ಶುರುವಾದಾಗ "ಗ್ಯಾಸ್ಟ್ರಿಕ್ ಆಗಿರ್ಬೇಕು ಮಗಾ, ಇದನ್ನ ತಗೋ" ಅಂತ ಪಕ್ಕದ ರೂಮಿನಿಂದ ಒಂದು ಸ್ಟ್ರಿಪ್ ಪ್ಯಾಂಟೊಪ್ರಜೋಲ್ ತಂದುಕೊಟ್ಟವರು ನಾವೇ. ಅವನು ಅದನ್ನ ರಾತ್ರಿ ಊಟ ಆದ್ಮೇಲೆ, ಅದೂ ಉರಿ ಬಂದ ದಿನ ಮಾತ್ರ, ಒಂದೊಂದು ನುಂಗುತ್ತಿದ್ದ. ನೋವಿನ ಮಾತ್ರೆಯನ್ನ ಮಾತ್ರ ಬಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಬಾತ್‌ರೂಮಿನಿಂದ ಬಂದವನು ಮುಖ ಬಿಳಿಚಿಕೊಂಡು, ತಲೆ ಸುತ್ತಿ ಕಾರಿಡಾರಿನಲ್ಲೇ ಕೂತುಬಿಟ್ಟ. ಎರಡು ದಿನದಿಂದ ಮಲ ಡಾಂಬರಿನ ಹಾಗೆ ಕಪ್ಪಗೆ ಹೋಗ್ತಿತ್ತಂತೆ. ಹೇಳೋಕೆ ನಾಚಿಕೆಯಾಗಿ ಸುಮ್ಮನಿದ್ದ. ಆಸ್ಪತ್ರೆಯಲ್ಲಿ ಎಂಡೋಸ್ಕೋಪಿ ಮಾಡಿ ನೋಡಿದರೆ ಜಠರದಲ್ಲಿ ಹುಣ್ಣು, ಅದರಿಂದ ರಕ್ತ ಸೋರುತ್ತಿದೆ. ಎರಡು ಬಾಟಲಿ ರಕ್ತ ಕೊಡಬೇಕಾಯ್ತು. ಈಗ ಆರಾಮಾಗಿದ್ದಾನೆ. ಈ ಲೇಖನ ಬರೀರಿ ಅಂತ ಹಟ ಹಿಡಿದಿದ್ದೂ ಅವನೇ.

ಅವತ್ತು ಡಾಕ್ಟರು ಒಂದು ಪ್ರಶ್ನೆ ಕೇಳಿದ್ರು: "ಮಾತ್ರೆ ತಗೊಂಡ್ರಿ, ಸರಿ. ಯಾವಾಗ ತಗೊಂಡ್ರಿ?" ಆ 'ಯಾವಾಗ'ದಲ್ಲಿ ಏನಿದೆ ಅನ್ನೋದು ನಮಗೆ ಗೊತ್ತಿರಲಿಲ್ಲ. ಡಾಕ್ಟರನ್ನ ಕೇಳಿ, ಓದಿ ತಿಳಿದುಕೊಂಡಿದ್ದನ್ನ ಇಲ್ಲಿ ಹಂಚಿಕೊಳ್ತಾ ಇದೀವಿ. ಇದನ್ನ ಓದಿದ ಮೇಲೆ ನೀವೇ ನಿಮಗೆ ಡಾಕ್ಟರಾಗಬೇಡಿ. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನ ಸರಿಯಾಗಿ ತಗೊಳ್ಳಿ, ಅಷ್ಟೇ.

ಹೊಟ್ಟೆಯೊಳಗಿನ ಮೋಟಾರು

ನಮ್ಮ ಜಠರದಲ್ಲಿ ಇರೋದು ಕೆಮಿಸ್ಟ್ರಿ ಲ್ಯಾಬಿನಲ್ಲಿ ನೋಡಿದ ಅದೇ ಹೈಡ್ರೋಕ್ಲೋರಿಕ್ ಆಮ್ಲ. ಖಾಲಿ ಹೊಟ್ಟೆಯಲ್ಲಿ ಅದರ ಪಿಎಚ್ ಸುಮಾರು 1.5ರಿಂದ 2ರ ಆಸುಪಾಸು. ಜಠರದ ಗೋಡೆಯ ಕೆಲವು ಜೀವಕೋಶಗಳಲ್ಲಿ ಪ್ರೋಟಾನ್ ಪಂಪ್ ಅನ್ನೋ ಸಣ್ಣ ಸಣ್ಣ ಯಂತ್ರಗಳಿವೆ. ಇವು ಎಟಿಪಿಯ ಶಕ್ತಿ ಖರ್ಚು ಮಾಡಿ ಒಂದು ಪೊಟ್ಯಾಸಿಯಂ ಅಯಾನನ್ನ ಒಳಗೆ ಎಳೆದುಕೊಂಡು ಒಂದು ಹೈಡ್ರೋಜನ್ ಅಯಾನನ್ನ ಹೊರಗೆ ತಳ್ಳುತ್ತವೆ. ಆಮ್ಲ ತಯಾರಾಗೋದು ಹೀಗೆ.

ಹಾಸ್ಟೆಲಿನ ಮಹಡಿ ಮೇಲಿರೋ ನೀರಿನ ಟ್ಯಾಂಕು ನೆನಪಿಸಿಕೊಳ್ಳಿ. ಕೆಳಗೆ ಮೋಟಾರು. ಅದನ್ನ ಆನ್ ಮಾಡೋಕೆ ಮೂರು ಸ್ವಿಚ್ ಇವೆ ಅಂದುಕೊಳ್ಳಿ. ಜಠರದಲ್ಲಿ ಆ ಮೂರು ಸ್ವಿಚ್‌ಗಳ ಹೆಸರು ಹಿಸ್ಟಮಿನ್, ಅಸಿಟೈಲ್‌ಕೋಲಿನ್, ಗ್ಯಾಸ್ಟ್ರಿನ್. ಊಟದ ವಾಸನೆ ಬಂದ ಕೂಡಲೇ ಸ್ವಿಚ್ ಒತ್ತೋ ಕೆಲಸ ಶುರು. ಅನ್ನ ಹೊಟ್ಟೆಗೆ ಬಿದ್ದಾಗ ಮೋಟಾರುಗಳು ಜೋರಾಗಿ ಓಡುತ್ತವೆ.

ಇಷ್ಟು ಆಮ್ಲ ಇದ್ದೂ ಜಠರ ತನ್ನನ್ನೇ ಸುಟ್ಟುಕೊಳ್ಳೋದಿಲ್ಲ, ಯಾಕಂದ್ರೆ ಒಳಗೋಡೆಗೆ ಲೋಳೆಯ ಪದರ ಇದೆ, ಅದರಲ್ಲಿ ಬೈಕಾರ್ಬೊನೇಟ್ ಇದೆ. ಆ ಪದರ ಕೆಟ್ಟ ಕಡೆ ಆಮ್ಲ ಗೋಡೆಯನ್ನ ತಿನ್ನುತ್ತೆ. ಅದು ಹುಣ್ಣು. ಅನ್ನನಾಳಕ್ಕೆ ಇಂಥ ಪದರದ ರಕ್ಷಣೆ ಇಲ್ಲ. ಜಠರದ ಬಾಯಲ್ಲಿರೋ ವಾಲ್ವಿನಂಥ ಸ್ನಾಯು ಸಡಿಲಾಗಿ ಆಮ್ಲ ಮೇಲಕ್ಕೆ ಬಂದರೆ ಎದೆಯುರಿ, ಹುಳಿತೇಗು. ನಾವು ಎರಡಕ್ಕೂ, ಹೊಟ್ಟೆ ಉಬ್ಬರಕ್ಕೂ ಸೇರಿಸಿ 'ಗ್ಯಾಸ್ಟ್ರಿಕ್' ಅಂತ ಒಂದೇ ಹೆಸರಿಟ್ಟಿದ್ದೀವಿ. ಕಾಯಿಲೆ ಬೇರೆ ಬೇರೆ, ಮಾತ್ರೆ ಮಾತ್ರ ಒಂದೇ ಅಂದುಕೊಳ್ಳೋ ತಪ್ಪು ಶುರುವಾಗೋದು ಇಲ್ಲಿಂದಲೇ.

ನೀರು ಒರೆಸೋ ಔಷಧಿ

ಮೆಡಿಕಲ್‌ನಲ್ಲಿ ಸಿಗೋ ಗುಲಾಬಿ ಬಣ್ಣದ ದ್ರವ, ಚೀಪೋ ಮಾತ್ರೆ, ನೀರಿಗೆ ಹಾಕಿದರೆ ಬುಸ್ ಅನ್ನೋ ಪುಡಿ ಎಲ್ಲ ಆಂಟಾಸಿಡ್‌ಗಳು. ಟ್ಯಾಂಕು ತುಂಬಿ ಮಹಡಿ ಮೇಲೆ ಚೆಲ್ಲಿದ ನೀರನ್ನ ಒರೆಸೋ ಕೆಲಸ ಇವುಗಳದ್ದು. ಆಮ್ಲ ಪ್ಲಸ್ ಕ್ಷಾರ, ಉಪ್ಪು ಪ್ಲಸ್ ನೀರು. ಹೈಸ್ಕೂಲಿನ ಸಮೀಕರಣವೇ. ಕೆಲವೇ ನಿಮಿಷದಲ್ಲಿ ಆರಾಮ ಸಿಗುತ್ತೆ, ಆದರೆ ಮೋಟಾರು ಓಡ್ತಾನೇ ಇರುತ್ತೆ.

ಖಾಲಿ ಹೊಟ್ಟೆಯಲ್ಲಿ ತಗೊಂಡ್ರೆ ಆಂಟಾಸಿಡ್ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಜಠರ ದಾಟಿ ಹೋಗಿಬಿಡುತ್ತೆ. ಊಟವಾಗಿ ಒಂದು ಗಂಟೆ ಬಿಟ್ಟು ತಗೊಂಡ್ರೆ ಎರಡು ಮೂರು ಗಂಟೆ ಕೆಲಸ ಮಾಡುತ್ತೆ. ಚೀಪೋ ಮಾತ್ರೆಯನ್ನ ಇಡೀ ನುಂಗಬೇಡಿ, ಚೆನ್ನಾಗಿ ಅಗಿಯಿರಿ. ಬಾಟಲಿಯನ್ನ ಚೆನ್ನಾಗಿ ಕುಲುಕಿ. ಬಹಳಷ್ಟು ಆಂಟಾಸಿಡ್‌ಗಳಲ್ಲಿ ಮೆಗ್ನೀಸಿಯಂ, ಅಲ್ಯೂಮಿನಿಯಂ ಎರಡೂ ಇರೋದಕ್ಕೆ ಕಾರಣ ಇದೆ: ಮೊದಲನೆಯದು ಭೇದಿ ತರಿಸುತ್ತೆ, ಎರಡನೆಯದು ಮಲ ಕಟ್ಟಿಸುತ್ತೆ. ಒಂದನ್ನೊಂದು ಸರಿದೂಗಿಸಲಿ ಅಂತ ಜೋಡಿ ಮಾಡಿದ್ದಾರೆ. ಬುಸ್ ಅನ್ನೋ ಪುಡಿಯಲ್ಲಿ ಸೋಡಿಯಂ ಜಾಸ್ತಿ. ಬಿಪಿ ಇರೋ ಅಪ್ಪ ಅಮ್ಮ ಅದನ್ನ ದಿನಾ ಕುಡಿಯೋದು ಒಳ್ಳೇದಲ್ಲ.

ಇನ್ನೊಂದು ಮುಖ್ಯ ವಿಷಯ. ಆಂಟಾಸಿಡ್ ಬೇರೆ ಔಷಧಿಗಳನ್ನ ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರದ ಹಾಗೆ ಮಾಡುತ್ತೆ. ಐರನ್ ಮಾತ್ರೆ, ಥೈರಾಯ್ಡ್ ಮಾತ್ರೆ, ಮೊಡವೆಗೆ ಕೊಡೋ ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್, ಇವುಗಳ ಜೊತೆಗೇ ಕುಡಿಯಬೇಡಿ. ಕನಿಷ್ಠ ಎರಡು ಗಂಟೆ ಅಂತರ ಇರಲಿ. ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆ.

ಹುಣ್ಣಿನ ಮೇಲೆ ಅಂಟಿಕೊಂಡು ಬ್ಯಾಂಡೇಜಿನ ಹಾಗೆ ಕಾಯೋ ಸುಕ್ರಾಲ್ಫೇಟ್ ಅನ್ನೋ ಸಿರಪ್ ಕೂಡ ಇದೆ. ಇದರ ಲೆಕ್ಕ ಆಂಟಾಸಿಡ್ಡಿಗೆ ಪೂರ್ತಿ ಉಲ್ಟಾ: ಊಟಕ್ಕೆ ಒಂದು ಗಂಟೆ ಮುಂಚೆ, ಖಾಲಿ ಹೊಟ್ಟೆಯಲ್ಲೇ ತಗೋಬೇಕು. ಹೊಟ್ಟೆ ತುಂಬಾ ಅನ್ನ ಇದ್ದರೆ ಅದು ಹುಣ್ಣಿಗೆ ಅಂಟೋದಾದರೂ ಹೇಗೆ?

ಸ್ವಿಚ್ ಆಫ್ ಮಾಡೋ ಔಷಧಿ

ಫಾಮೊಟಿಡಿನ್ ಥರದ ಔಷಧಿಗಳು ಹಿಸ್ಟಮಿನ್ ಅನ್ನೋ ಒಂದು ಸ್ವಿಚ್ ಆಫ್ ಮಾಡುತ್ತವೆ. ಉಳಿದೆರಡು ಸ್ವಿಚ್ ಹಾಗೇ ಇರುತ್ತವೆ. ಆದರೂ ರಾತ್ರಿ ಹೊತ್ತಿನ ಆಮ್ಲದಲ್ಲಿ ಹಿಸ್ಟಮಿನ್ ಪಾತ್ರ ದೊಡ್ಡದು, ಹಾಗಾಗಿ ಡಾಕ್ಟರು ಇವನ್ನ ಮಲಗೋ ಮುಂಚೆ ಬರೆದುಕೊಡೋದುಂಟು. ದಿನಾ ತಗೊಂಡ್ರೆ ಒಂದೆರಡು ವಾರದಲ್ಲೇ ದೇಹ ಒಗ್ಗಿಕೊಂಡು ಪರಿಣಾಮ ಕಡಿಮೆಯಾಗುತ್ತೆ. ಆಗ ಪ್ರಮಾಣ ಹೆಚ್ಚಿಸ್ತಾ ಹೋಗೋದರಲ್ಲಿ ಅರ್ಥ ಇಲ್ಲ.

ಈ ಗುಂಪಿನಲ್ಲೇ ನಮ್ಮ ಮನೆಗಳಲ್ಲಿ ವರ್ಷಗಟ್ಟಲೆ ಓಡಾಡಿದ್ದು ರಾನಿಟಿಡಿನ್. 2019ರಲ್ಲಿ ಇದರಲ್ಲಿ ಎನ್‌ಡಿಎಂಎ ಎಂಬ, ಕ್ಯಾನ್ಸರ್ ತರಬಹುದಾದ ಕಲ್ಮಶ ಪತ್ತೆಯಾಯ್ತು. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದನ್ನ ಮಾರುಕಟ್ಟೆಯಿಂದ ವಾಪಸ್ ತಗೊಳ್ಳಿ ಅಂತ ಕಂಪನಿಗಳಿಗೆ ಹೇಳಿತು. ಭಾರತವೂ 2022ರಲ್ಲಿ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಿಂದ ಅದನ್ನ ಕೈಬಿಟ್ಟಿತು. ಊರಿಗೆ ಹೋದಾಗ ಅಮ್ಮನ ಮಾತ್ರೆ ಡಬ್ಬದಲ್ಲಿ ಹಳೇ ಸ್ಟ್ರಿಪ್ ಇದೆಯಾ ನೋಡಿ, ಇದ್ದರೆ ಡಾಕ್ಟರನ್ನ ಕೇಳಿ ಬದಲಿಸಿ.

ಮೋಟಾರನ್ನೇ ಜಾಮ್ ಮಾಡೋ ಔಷಧಿ

ಹೆಸರಿನ ಕೊನೆಗೆ 'ಪ್ರಜೋಲ್' ಅಂತ ಬರೋ ಔಷಧಿಗಳು ಇವು: ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಎಸೊಮೆಪ್ರಜೋಲ್. ಪಿಪಿಐ ಅಂತಾರೆ. ಇವು ಸ್ವಿಚ್ಚಿನ ಗೋಜಿಗೆ ಹೋಗದೆ ಪಂಪನ್ನೇ ಹಿಡಿದು ನಿಲ್ಲಿಸುತ್ತವೆ. 'ಯಾವಾಗ' ಅನ್ನೋ ಪ್ರಶ್ನೆ ಬರೋದು ಇಲ್ಲೇ.

ಮೊದಲನೆಯದಾಗಿ, ಪಿಪಿಐ ಆಮ್ಲಕ್ಕೆ ಸಿಕ್ಕರೆ ತಾನೇ ಹಾಳಾಗುತ್ತೆ. ಅದಕ್ಕೇ ಮಾತ್ರೆಗೆ ಆಮ್ಲದಲ್ಲಿ ಕರಗದ ಕವಚ ಹಾಕಿರುತ್ತಾರೆ. ಜಠರ ದಾಟಿ ಸಣ್ಣ ಕರುಳಿಗೆ ಹೋದ ಮೇಲೆ ಅದು ಕರಗಿ, ರಕ್ತದ ಮೂಲಕ ವಾಪಸ್ ಜಠರದ ಕೋಶಗಳಿಗೆ ಬರುತ್ತೆ. ಆದ್ದರಿಂದ ಮಾತ್ರೆಯನ್ನ ಪುಡಿ ಮಾಡಬಾರದು, ಅರ್ಧ ಮುರಿಯಬಾರದು, ಅಗಿಯಬಾರದು. ನುಂಗೋಕೆ ಕಷ್ಟ ಆದರೆ ಡಾಕ್ಟರಿಗೆ ಹೇಳಿ, ಬೇರೆ ರೂಪದಲ್ಲಿ ಕೊಡ್ತಾರೆ.

ಎರಡನೆಯದು, ಇದು ರಕ್ತದಲ್ಲಿ ಇರೋದು ಸ್ವಲ್ಪ ಹೊತ್ತು ಮಾತ್ರ. ಒಂದೆರಡು ಗಂಟೆಗೊಮ್ಮೆ ಅರ್ಧಕ್ಕೆ ಇಳೀತಾ ಹೋಗುತ್ತೆ.

ಮೂರನೆಯದು, ಇದು ಓಡುತ್ತಿರೋ ಪಂಪನ್ನ ಮಾತ್ರ ಜಾಮ್ ಮಾಡುತ್ತೆ. ನಿಂತ ಪಂಪಿನ ಹತ್ತಿರ ಇದರ ಆಟ ನಡೆಯೋದಿಲ್ಲ.

ಈ ಮೂರನ್ನೂ ಜೋಡಿಸಿ ನೋಡಿ. ಔಷಧಿ ರಕ್ತಕ್ಕೆ ಬರೋ ಹೊತ್ತಿಗೇ ಪಂಪುಗಳು ಓಡುತ್ತಿರಬೇಕು. ಪಂಪು ಓಡಬೇಕಂದ್ರೆ ಊಟ ಬೀಳಬೇಕು. ಅಂದರೆ ಮಾತ್ರೆ ತಗೊಂಡು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತಿನ್ನಬೇಕು. ರಾತ್ರಿಯಿಡೀ ಹೊಟ್ಟೆ ಖಾಲಿ ಇದ್ದ ಮೇಲೆ ಬೆಳಗಿನ ತಿಂಡಿಗೆ ಓಡೋಕೆ ಸಿದ್ಧವಾಗಿರೋ ಪಂಪುಗಳ ಸಂಖ್ಯೆ ಹೆಚ್ಚು. ಡಾಕ್ಟರ ಚೀಟಿಯಲ್ಲಿ ಸಾಮಾನ್ಯವಾಗಿ '1-0-0, ತಿಂಡಿಗೆ ಮುಂಚೆ' ಅಂತ ಇರೋದು ಇದಕ್ಕೇ. ನಮ್ಮ ಗೆಳೆಯ ರಾತ್ರಿ ಊಟ ಮುಗಿಸಿ ಮಾತ್ರೆ ನುಂಗಿ ಮಲಗ್ತಿದ್ದ. ಔಷಧಿ ರಕ್ತಕ್ಕೆ ಬರೋ ಹೊತ್ತಿಗೆ ಪಂಪುಗಳ ಶಿಫ್ಟ್ ಮುಗಿದಿರುತ್ತಿತ್ತು.

ಇನ್ನೊಂದು ತಪ್ಪು, 'ಉರಿ ಬಂದಾಗ ಒಂದು'. ಮೊದಲ ದಿನದ ಮಾತ್ರೆ ಎಲ್ಲಾ ಪಂಪುಗಳನ್ನ ಹಿಡಿಯೋದಿಲ್ಲ. ದಿನಾ ಒಂದಷ್ಟು ಪಂಪು ಜಾಮ್ ಆಗ್ತಾ, ಒಂದಷ್ಟು ಹೊಸದಾಗಿ ತಯಾರಾಗ್ತಾ ಒಂದು ಸಮತೋಲನಕ್ಕೆ ಬರೋಕೆ ಮೂರರಿಂದ ಐದು ದಿನ ಬೇಕು. 'ಎರಡು ಮಾತ್ರೆ ತಗೊಂಡೆ, ಏನೂ ಆಗ್ಲಿಲ್ಲ' ಅಂತ ಬಿಡೋರು ಔಷಧಿಗೆ ಅವಕಾಶವನ್ನೇ ಕೊಟ್ಟಿಲ್ಲ ಅಂತ ಅರ್ಥ. ಹುಣ್ಣಿಗಾದರೆ ಸಾಮಾನ್ಯವಾಗಿ 4ರಿಂದ 8 ವಾರದ ಕೋರ್ಸ್ ಇರುತ್ತೆ. ಉರಿ ಒಂದು ವಾರದಲ್ಲೇ ನಿಲ್ಲಬಹುದು, ಹುಣ್ಣು ಅಷ್ಟರಲ್ಲಿ ಮಾಗಿರೋದಿಲ್ಲ.

ಹಾಸ್ಟೆಲಿನಲ್ಲಿ ಇದನ್ನ ಪಾಲಿಸೋದು ಹೇಗೆ? ನಾವು ಕಂಡುಕೊಂಡ ಉಪಾಯ: ಸ್ಟ್ರಿಪ್ಪನ್ನ ಬ್ರಷ್ ಜೊತೆ ಇಡಿ. ಎದ್ದ ಕೂಡಲೇ ನೀರಿನ ಜೊತೆ ನುಂಗಿ. ಹಲ್ಲುಜ್ಜಿ, ಬಕೆಟ್ಟಿಗೆ ಕ್ಯೂ ನಿಂತು, ಸ್ನಾನ ಮಾಡಿ ಮೆಸ್ಸಿಗೆ ಹೋಗೋ ಹೊತ್ತಿಗೆ ಅರ್ಧ ಗಂಟೆ ತಾನಾಗೇ ಆಗಿರುತ್ತೆ. ಆಮೇಲೆ ತಿಂಡಿ ತಿನ್ನಲೇಬೇಕು. ತಿಂಡಿ ತಿನ್ನೋದೇ ಇಲ್ಲ ಅಂತಿದ್ದರೆ ಡಾಕ್ಟರನ್ನ ಕೇಳಿ ಮಧ್ಯಾಹ್ನದ ಊಟದ ಮುಂಚೆಗೆ ಬದಲಿಸಿಕೊಳ್ಳಿ. ಒಂದು ದಿನ ಮರೆತರೆ ಮುಂದಿನ ಊಟಕ್ಕೆ ಮುಂಚೆ ತಗೊಳ್ಳಿ, ಎರಡು ಸೇರಿಸಿ ನುಂಗಬೇಡಿ. ವೊನೊಪ್ರಜಾನ್ ಎಂಬ ಹೊಸ ಬಗೆಯ ಔಷಧಿಗೆ ಈ ಊಟದ ಲೆಕ್ಕ ಬೇಕಿಲ್ಲ. ಅದಕ್ಕೇ ಪಕ್ಕದವನ ಟೈಮ್‌ಟೇಬಲ್ ಕಾಪಿ ಮಾಡದೆ ನಿಮ್ಮ ಚೀಟಿಯಲ್ಲಿ ಬರೆದಿದ್ದನ್ನೇ ಓದಿ.

ಮಾತ್ರೆಯ ಹೆಸರಿನ ಬಾಲವನ್ನೂ ನೋಡಿ. 'ಡಿ' ಅಥವಾ 'ಡಿಎಸ್ಆರ್' ಅಂತಿದ್ದರೆ ಸಾಮಾನ್ಯವಾಗಿ ಅದರಲ್ಲಿ ಡೊಂಪೆರಿಡೋನ್ ಕೂಡ ಇರುತ್ತೆ. ಅದು ವಾಕರಿಕೆಯ ಔಷಧಿ, ಕೆಲವರಲ್ಲಿ ಹೃದಯದ ಬಡಿತದ ಲಯ ಕೆಡಿಸಬಹುದು. ಕ್ಲಾರಿಥ್ರೊಮೈಸಿನ್, ಫ್ಲುಕೊನಜೋಲ್‌ನಂಥ ಔಷಧಿಗಳ ಜೊತೆ ಸೇರಿದರೆ ಅಪಾಯ ಇನ್ನೂ ಹೆಚ್ಚು. ಬರೀ ಎದೆಯುರಿಗೆ ತಿಂಗಳುಗಟ್ಟಲೆ 'ಡಿ' ಮಾತ್ರೆ ತಿನ್ನೋದು ಬೇಡ.

ನಿಲ್ಲಿಸೋದಕ್ಕೂ ಕ್ರಮ ಇದೆ

"ಮಾತ್ರೆ ಬಿಟ್ಟ ಕೂಡಲೇ ಉರಿ ವಾಪಸ್ ಬರುತ್ತೆ, ಹಾಗಾಗಿ ಎರಡು ವರ್ಷದಿಂದ ತಗೋತಾ ಇದೀನಿ" ಅನ್ನೋ ಗೆಳೆಯರು ನಮ್ಮ ವಿಂಗಿನಲ್ಲೇ ಇದ್ದಾರೆ. ಇದರ ಹಿಂದೆ ಒಂದು ಫೀಡ್‌ಬ್ಯಾಕ್ ಲೂಪ್ ಇದೆ. ಆಮ್ಲ ಕಡಿಮೆಯಾದಾಗ ದೇಹ ಗ್ಯಾಸ್ಟ್ರಿನ್ ಜಾಸ್ತಿ ಮಾಡುತ್ತೆ. ಮಾತ್ರೆ ನಿಂತ ಮೇಲೂ ಆ ಹೆಚ್ಚಿನ ಸಿಗ್ನಲ್ಲಿನ ಪರಿಣಾಮ ಕೆಲವು ವಾರ ಉಳಿಯೋದರಿಂದ ಆಮ್ಲ ಮೊದಲಿಗಿಂತ ಹೆಚ್ಚು ಬರುತ್ತೆ. 2009ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಅಧ್ಯಯನದಲ್ಲಿ ಹೊಟ್ಟೆಯ ತೊಂದರೆಯೇ ಇಲ್ಲದ 120 ಜನರನ್ನ ತಗೊಂಡು, ಅರ್ಧ ಜನಕ್ಕೆ 8 ವಾರ ಎಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿದರು. ನಿಲ್ಲಿಸಿದ ನಂತರದ ವಾರಗಳಲ್ಲಿ ಅವರಲ್ಲಿ ಶೇ. 44 ಜನಕ್ಕೆ ಆಮ್ಲದ ತೊಂದರೆ ಕಾಣಿಸಿತು. ಬರೀ ಸುಳ್ಳು ಮಾತ್ರೆ ತಿಂದವರಲ್ಲಿ ಶೇ. 15. ಅಂದರೆ ವಾಪಸ್ ಬಂದ ಉರಿ ಎಲ್ಲವೂ ಹಳೇ ಕಾಯಿಲೆಯಲ್ಲ, ಕೆಲವು ಸಲ ಮಾತ್ರೆ ಬಿಟ್ಟಿದ್ದರ ಪರಿಣಾಮ. ಡಾಕ್ಟರು ಹೇಳಿದ ಹಾಗೆ ಪ್ರಮಾಣ ಇಳಿಸ್ತಾ ಬಂದು, ನಡುವೆ ಉರಿಯಾದರೆ ಆಂಟಾಸಿಡ್ ತಗೊಂಡು ಆ ಕೆಲವು ವಾರ ದಾಟಬಹುದು.

ವರ್ಷಗಟ್ಟಲೆ ಕಾರಣವಿಲ್ಲದೆ ತಗೊಂಡ್ರೆ ಬಿ12, ಮೆಗ್ನೀಸಿಯಂ ಕಡಿಮೆಯಾಗಬಹುದು. ಹಾಗಂತ ನಿಜಕ್ಕೂ ಬೇಕಾದವರು ಹೆದರಿ ನಿಲ್ಲಿಸಬಾರದು. ಮನೆಯಲ್ಲಿ ಅಪ್ಪ ಹೃದಯಕ್ಕೆ ಕ್ಲೊಪಿಡೊಗ್ರೆಲ್ ತಗೋತಿದ್ದರೆ ಜೊತೆಗೆ ಒಮೆಪ್ರಜೋಲ್ ಇದೆಯಾ ನೋಡಿ. ಇದ್ದರೆ ಡಾಕ್ಟರಿಗೆ ತಿಳಿಸಿ. ಅದು ಕ್ಲೊಪಿಡೊಗ್ರೆಲ್‌ನ ಶಕ್ತಿ ತಗ್ಗಿಸುತ್ತೆ. ನೀವೇ ಯಾವುದನ್ನೂ ನಿಲ್ಲಿಸಬೇಡಿ.

ಹುಣ್ಣಿನ ಬೇರು ಎರಡು

ಖಾರ, ಟೆನ್ಷನ್ನು ಉರಿಯನ್ನ ಜಾಸ್ತಿ ಮಾಡಬಹುದು. ಆದರೆ ಹೆಚ್ಚಿನ ಹುಣ್ಣುಗಳ ಬೇರು ಎರಡೇ. ಒಂದು, ಹೆಲಿಕೊಬ್ಯಾಕ್ಟರ್ ಪೈಲೊರಿ ಅನ್ನೋ ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಇದನ್ನ ಗುರುತಿಸಿದಾಗ ಬಹಳ ಜನ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನ ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇದಕ್ಕೆ ಪಿಪಿಐ ಜೊತೆ ಎರಡು ಆಂಟಿಬಯೋಟಿಕ್, ಹೆಚ್ಚಾಗಿ 14 ದಿನ. ಬಾಯಿ ಕಹಿಯಾಗುತ್ತೆ, ಹೊಟ್ಟೆ ತೊಳಸುತ್ತೆ, ಆದರೂ ನಡುವೆ ಬಿಡಬಾರದು. ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತಾಗುತ್ತೆ. ಉಸಿರಿನ ಅಥವಾ ಮಲದ ಪರೀಕ್ಷೆಗೆ ಬರೆದುಕೊಟ್ಟಿದ್ದರೆ, ನೀವು ಪಿಪಿಐ ತಗೋತಿರೋದನ್ನ ಮೊದಲೇ ಹೇಳಿ. ಸಾಮಾನ್ಯವಾಗಿ ಎರಡು ವಾರ ಮುಂಚೆ ನಿಲ್ಲಿಸಿರಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದೂ 'ಇಲ್ಲ' ಅಂತ ಬರಬಹುದು.

ಎರಡನೇ ಬೇರು ನಮ್ಮ ಗೆಳೆಯನದ್ದು: ನೋವಿನ ಮಾತ್ರೆ. ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್, ಅಸಿಕ್ಲೊಫಿನ್ಯಾಕ್, ನ್ಯಾಪ್ರೊಕ್ಸೆನ್, ಆಸ್ಪಿರಿನ್. ಲೋಳೆ ಪದರವನ್ನ ಕಾಪಾಡೋ ಪ್ರೊಸ್ಟಗ್ಲಾಂಡಿನ್‌ಗಳನ್ನ ಇವು ಕಡಿಮೆ ಮಾಡುತ್ತವೆ. "ಊಟ ಆದ್ಮೇಲೆ ತಗೊಂಡೆ, ಏನೂ ಆಗಲ್ಲ" ಅನ್ನೋದು ಅರ್ಧ ಸತ್ಯ. ಮಾತ್ರೆ ಜಠರಕ್ಕೆ ತೊಂದರೆ ಕೊಡೋದು ತಾಗಿದ್ದರಿಂದ ಮಾತ್ರ ಅಲ್ಲ, ರಕ್ತಕ್ಕೆ ಸೇರಿದ ಮೇಲೂ ಕೊಡುತ್ತೆ. ಸಣ್ಣಪುಟ್ಟ ನೋವಿಗೆ, ಹೇಳಿದ ಪ್ರಮಾಣದಲ್ಲಿ, ಪ್ಯಾರಾಸಿಟಮಾಲ್ ಹೊಟ್ಟೆಗೆ ವಾಸಿ. ನೋವಿನ ಮಾತ್ರೆ ಬೇಕೇ ಬೇಕಾದರೆ ಕಡಿಮೆ ದಿನ ಸಾಕು. ಹೊಟ್ಟೆ ಉರಿ ಶುರುವಾದರೆ ಅದನ್ನ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ನಮ್ಮ ಗೆಳೆಯ ಪಿಪಿಐಯನ್ನ ಸರಿಯಾದ ಟೈಮಿಗೆ ತಗೊಂಡಿದ್ದರೂ, ನೋವಿನ ಮಾತ್ರೆ ಮುಂದುವರಿಸಿದ್ದರೆ ಸಾಕಾಗುತ್ತಿತ್ತು ಅಂತ ಹೇಳೋ ಹಾಗಿಲ್ಲ.

ಒಂದು ಮಾತು ಮೊಡವೆಯ ಮಾತ್ರೆ ಬಗ್ಗೆ. ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲನ್ನ ಒಂದು ಗುಟುಕು ನೀರಲ್ಲಿ ನುಂಗಿ ತಕ್ಷಣ ಮಲಗಿದರೆ ಅದು ಅನ್ನನಾಳದಲ್ಲೇ ಅಂಟಿಕೊಂಡು ಅಲ್ಲೇ ಹುಣ್ಣು ಮಾಡಬಹುದು. ಮಾರನೇ ದಿನ ಎಂಜಲು ನುಂಗೋಕೂ ಎದೆ ನೋವು. ಅದನ್ನ ಗ್ಯಾಸ್ಟ್ರಿಕ್ ಅಂದುಕೊಳ್ಳೋರೇ ಹೆಚ್ಚು. ತುಂಬಿದ ಒಂದು ಲೋಟ ನೀರು ಕುಡಿಯಿರಿ, ಅರ್ಧ ಗಂಟೆ ನೆಟ್ಟಗೆ ಕೂತಿರಿ.

ಇವು ಕಂಡರೆ ಮಾತ್ರೆ ಬೇಡ, ಆಸ್ಪತ್ರೆ

ಡಾಂಬರಿನಂಥ ಕಪ್ಪು, ಅಂಟಂಟು ಮಲ. (ಐರನ್ ಮಾತ್ರೆ, ಬಿಸ್ಮತ್ ತಗೊಂಡ್ರೂ ಕಪ್ಪಾಗುತ್ತೆ, ಎರಡೂ ತಗೊಳ್ತಿಲ್ಲ ಅಂದ್ರೆ ತಡ ಮಾಡಬೇಡಿ.)
ವಾಂತಿಯಲ್ಲಿ ರಕ್ತ, ಅಥವಾ ಫಿಲ್ಟರಿನಲ್ಲಿ ಉಳಿದ ಕಾಫಿ ಪುಡಿಯಂಥದ್ದು.
ಅನ್ನ ಗಂಟಲಿನಿಂದ ಕೆಳಗೆ ಇಳಿಯದೆ ಸಿಕ್ಕಿಕೊಂಡ ಹಾಗೆ ಆಗೋದು.
ಕಾರಣ ಇಲ್ಲದೆ ತೂಕ ಇಳಿಯೋದು, ಸುಸ್ತು, ಬಿಳಿಚಿಕೊಳ್ಳೋದು.
ಇದ್ದಕ್ಕಿದ್ದ ಹಾಗೆ ಹೊಟ್ಟೆಯಲ್ಲಿ ಇರಿದಂಥ ನೋವು, ಹೊಟ್ಟೆ ಗಟ್ಟಿಯಾಗೋದು.
ಎದೆ ಒತ್ತಿದಂತಾಗಿ ಎಡಗೈಗೆ, ದವಡೆಗೆ ಹರಡೋ ನೋವು, ಬೆವರು. ಇದು ಹೃದಯದ್ದಿರಬಹುದು. ಮನೆಯಲ್ಲಿ ದೊಡ್ಡವರಿಗೆ ಹೀಗಾದಾಗ 'ಗ್ಯಾಸ್ಟ್ರಿಕ್ ಇರ್ಬೇಕು' ಅಂತ ಸೋಡಾ ಕುಡಿಸ್ತಾ ಕೂರಬೇಡಿ.

ಊಟ ಬಲ್ಲವನಿಗೆ ರೋಗವಿಲ್ಲ ಅಂತ ಗಾದೆ. ರಾತ್ರಿ ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆ ಅಂತರ, ತಲೆ ಕಡೆ ಮಂಚ ಸ್ವಲ್ಪ ಎತ್ತರ, ಸಿಗರೇಟಿಗೆ ದೂರ. ಇಷ್ಟರಲ್ಲೇ ಎಷ್ಟೋ ಜನಕ್ಕೆ ಎದೆಯುರಿ ಕಡಿಮೆಯಾಗುತ್ತೆ. ಅದಕ್ಕೂ ಬಗ್ಗದಿದ್ದರೆ ಔಷಧಿ ಇದೆ, ಅದಕ್ಕೊಂದು ಟೈಮಿಂಗ್ ಇದೆ.

ನಮ್ಮ ಗೆಳೆಯನ ಕೋರ್ಸ್ ಎಂಟು ವಾರಕ್ಕೆ ಮುಗೀತು. ಅಷ್ಟೂ ದಿನ ಬೆಳಿಗ್ಗೆ ಮಾತ್ರೆ ನುಂಗಿ, ಎಂಟೂ ಕಾಲಿಗೆ ನಮ್ಮೆಲ್ಲರ ಬಾಗಿಲು ಬಡಿದು ತಿಂಡಿಗೆ ಎಳೆದುಕೊಂಡು ಹೋಗ್ತಿದ್ದ. ಮಾತ್ರೆ ನಿಂತಿದೆ, ಬಾಗಿಲು ಬಡಿಯೋದು ಇನ್ನೂ ನಿಂತಿಲ್ಲ. ಇನ್ನು ಮುಂದೆ ಯಾರಾದ್ರೂ "ಮಗಾ, ಒಂದು ಗ್ಯಾಸ್ಟ್ರಿಕ್ ಮಾತ್ರೆ ಇದ್ಯಾ?" ಅಂತ ನಿಮ್ಮ ರೂಮಿಗೆ ಬಂದರೆ, ಸ್ಟ್ರಿಪ್ ಕೈಗಿಡೋ ಮುಂಚೆ ಎರಡು ಪ್ರಶ್ನೆ ಕೇಳಿ: ಬೇರೆ ಯಾವ ಮಾತ್ರೆ ತಗೋತಿದ್ದೀಯಾ? ಮಲ ಕಪ್ಪಗೆ ಹೋಗ್ತಿದೆಯಾ? ನಾವು ಅವತ್ತು ಕೇಳಿರಲಿಲ್ಲ.